ಹೊಟ್ಟೆ ಮೇಲಾಗಿ ಈಜುವ ಅತಿಥಿ

ಮನೆಯಲ್ಲಿ ಗಾಜಿನ ತೊಟ್ಟಿಯಿಟ್ಟು ಮೀನು ಸಾಕುವವರೆಲ್ಲರೂ ಅಂಜುವ ನೋಟವೊಂದುಂಟು. ಬೆಳಗ್ಗೆ ಎದ್ದು ಕಾಫಿಯ ಲೋಟವನ್ನು ಕೈಯಲ್ಲಿ ಹಿಡಿದು ತೊಟ್ಟಿಯ ಬಳಿಗೆ ಹೋದರೆ, ನಿನ್ನೆಯವರೆಗೆ ಚೆನ್ನಾಗಿ ಓಡಾಡಿಕೊಂಡಿದ್ದ ಮೀನು ಹೊಟ್ಟೆ ಮೇಲಾಗಿ ತೇಲುತ್ತಿರುತ್ತದೆ. ಅದರ ಅರ್ಥವೇನೆಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮೂರು ವರ್ಷಗಳ ಹಿಂದೆ ಒಂದು ಭಾನುವಾರ ನಮ್ಮ ಮಗಳು ಈ ನೋಟವನ್ನು ಕಂಡು, "ಅಪ್ಪಾ, ನಿನ್ನೆ ತಂದ ಮೀನು ಸತ್ತುಹೋಗಿದೆ" ಎಂದು ಅಳುತ್ತಾ ನನ್ನನ್ನು ಎಬ್ಬಿಸಿದಳು. ನಾನು ಸಣ್ಣ ಬಲೆಯನ್ನು ಹುಡುಕಿ ತಂದು, ದೇಹವನ್ನು ಎತ್ತಿಬಿಡೋಣವೆಂದು ನೀರಿಗೆ ಕೈ ಹಾಕಿದೆನು. ಸತ್ತಿದ್ದ ಮೀನು ಸರ್ರನೆ ಹೊರಳಿ, ಅಂಗಾತವಾಗಿಯೇ, ತೊಟ್ಟಿಯ ಆಚೆಯ ಮೂಲೆಗೆ ಓಡಿ ಮರದ ಬೇರಿನ ಅಡಿಯಲ್ಲಿ ಅಡಗಿಕೊಂಡಿತು!

ಅಂಗಡಿಯವನು, "ಇದು ಉಲ್ಟಾ ಮೀನು ಸಾರ್" ಎಂದು ಹೇಳಿದ್ದುದು ಆಗ ನೆನಪಿಗೆ ಬಂದಿತು. ಶನಿವಾರದ ಸಂಜೆಯ ಗದ್ದಲದಲ್ಲಿ ನಾನು ಅದನ್ನು ವ್ಯಾಪಾರಿಯ ತಮಾಷೆಯೆಂದು ತಿಳಿದು ನಕ್ಕು ಸುಮ್ಮನಾಗಿದ್ದೆನು.

ತಮಾಷೆಯಲ್ಲ. ಇದರ ತವರು ಆಫ್ರಿಕ ಖಂಡದ ನಡುವೆ ಹರಿಯುವ ಕಾಂಗೊ ಮಹಾನದಿ ಮತ್ತು ಅದರ ಉಪನದಿಗಳು. 1936ರಲ್ಲಿ ಶಾಸ್ತ್ರಜ್ಞರು ಇದಕ್ಕೆ ಇಟ್ಟ ಹೆಸರು ಸಿನೊಡಾಂಟಿಸ್ ನೈಗ್ರಿವೆಂಟ್ರಿಸ್. ಎರಡನೆಯ ಪದಕ್ಕೆ 'ಕರಿಹೊಟ್ಟೆಯದು' ಎಂದರ್ಥ. ಪೂರ್ತಿ ಬೆಳೆದರೂ ನಾಲ್ಕು ಅಂಗುಲ ಮುಟ್ಟದ ಈ ಪ್ರಾಣಿಗೆ ಹುರುಪೆಯಿಲ್ಲ. ತೆಳುಕಂದು ಬಣ್ಣದ ನುಣುಪಾದ ಮೈಮೇಲೆ ಕಾಫಿಯ ಕಲೆಗಳಂತೆ ಮಚ್ಚೆಗಳು. ಬಾಯಿಯ ಸುತ್ತ ಮೂರು ಜೊತೆ ಮೀಸೆ, ಅದರಲ್ಲಿ ಕೆಳದವಡೆಯ ಎರಡು ಜೊತೆ ಕವಲೊಡೆದ ಬೇರಿನಂತಿರುತ್ತವೆ. ಮೀಸೆಯುಳ್ಳ ಮೀನು ನಮಗೇನೂ ಹೊಸದಲ್ಲ. ನಮ್ಮ ಕೆರೆಗಳ ಗಿರ್ಲು, ಮುಳ್ಳು ಚುಚ್ಚಿದರೆ ಕಣ್ಣೀರು ಬರಿಸುವ ಚೇಳುಮೀನು, ಹೊಳೆಯ ಬಾಳೆಮೀನು, ಇವೆಲ್ಲವೂ ಇದರ ದೂರದ ನೆಂಟರೇ. ರಾತ್ರಿಯೇ ಇವುಗಳಿಗೂ ಬೇಟೆಯ ಹೊತ್ತು. ಆದರೆ ಆಕಾಶದ ಕಡೆಗೆ ಹೊಟ್ಟೆಮಾಡಿಕೊಂಡು ಸಂಸಾರ ಸಾಗಿಸುವ ವಿದ್ಯೆ ಅವುಗಳಲ್ಲಿ ಯಾವುದಕ್ಕೂ ಇಲ್ಲ.

ಸಾಮಾನ್ಯವಾಗಿ ಮೀನಿನ ಬೆನ್ನು ಕಪ್ಪಾಗಿಯೂ ಹೊಟ್ಟೆ ಬೆಳ್ಳಗೂ ಇರುವುದಷ್ಟೆ? ಮೇಲಿನಿಂದ ನೋಡುವ ಹಕ್ಕಿಗೆ ಕಪ್ಪು ಬೆನ್ನು ಆಳದ ಕತ್ತಲಲ್ಲಿ ಕರಗಿಹೋಗುತ್ತದೆ. ಕೆಳಗಿನಿಂದ ನೋಡುವ ವೈರಿಗೆ ಬಿಳಿಯ ಹೊಟ್ಟೆ ಆಕಾಶದ ಬೆಳಕಿನಲ್ಲಿ ಸೇರಿಹೋಗುತ್ತದೆ. ಈ ಮೀನಾದರೋ ತಲೆಕೆಳಗಾಗಿ ಬಾಳತೊಡಗಿದ ಮೇಲೆ ಬಣ್ಣವನ್ನೂ ತಲೆಕೆಳಗು ಮಾಡಿಕೊಂಡುಬಿಟ್ಟಿದೆ. ಇದರ ಹೊಟ್ಟೆಯೇ ಬೆನ್ನಿಗಿಂತ ಕಪ್ಪು. ಮರಿಗಳು ಹುಟ್ಟಿದಾಗ ಎಲ್ಲ ಮೀನುಗಳಂತೆ ನೆಟ್ಟಗೆಯೇ ಈಜುತ್ತವೆ. ಸುಮಾರು ಎರಡು ತಿಂಗಳಾಗುವ ಹೊತ್ತಿಗೆ ಮಗುಚಿಕೊಳ್ಳಲು ಕಲಿಯುತ್ತವೆ. ನಮ್ಮ ಕೂಸುಗಳು ಅಂಗಾತ ಮಲಗಿದ್ದು ಆಮೇಲೆ ಮಗುಚುವುದನ್ನು ಕಲಿತರೆ, ಇಲ್ಲಿ ಅದರ ವಿಪರ್ಯಾಸ.

ಈ ವೈಚಿತ್ರ್ಯವನ್ನು ಮೊದಲು ಕಂಡವರು ನಾವಲ್ಲ. ನೈಲ್ ನದಿಯಲ್ಲಿ ಇದೇ ಕುಲದ ಇನ್ನೊಂದು ಮೀನುಂಟು. ಅದಕ್ಕೆ ಬಟೆನ್‌ಸೋಡ ಎಂದು ಹೆಸರು. ಅದು ಅರಬ್ಬಿಯಿಂದ ಬಂದ ಮಾತು, ಅರ್ಥ ಮತ್ತೆ ಅದೇ 'ಕರಿಹೊಟ್ಟೆ'. ಪ್ರಾಚೀನ ಈಜಿಪ್ಟಿನ ಶಿಲ್ಪಿಗಳು ಗೋರಿಗಳ ಗೋಡೆಯ ಮೇಲೆ ಮೀನುಗಾರಿಕೆಯ ದೃಶ್ಯಗಳನ್ನು ಕೆತ್ತುವಾಗ ಉಳಿದೆಲ್ಲ ಮೀನುಗಳನ್ನೂ ನೆಟ್ಟಗೆ ಕೆತ್ತಿ, ಇದೊಂದನ್ನು ಮಾತ್ರ ಅಂಗಾತವಾಗಿ ಕೆತ್ತಿದ್ದಾರೆ. ಅವರ ಕಣ್ಣಿನ ನಿಷ್ಠೆಗೆ ಏನೆನ್ನಬೇಕು! ಹೆಣ್ಣುಮಕ್ಕಳ ಜಡೆಯ ತುದಿಗೆ ಮೀನಿನ ಆಕಾರದ ಪುಟ್ಟ ತಾಯತವನ್ನು ಕಟ್ಟುವ ಪದ್ಧತಿಯೂ ಅಲ್ಲಿದ್ದಿತು; ಮಗು ನೀರಿನಲ್ಲಿ ಮುಳುಗದಿರಲೆಂಬ ಹಾರೈಕೆ. ಹರಗ ಎಂಬಲ್ಲಿಯ ಗೋರಿಯಲ್ಲಿ ಸಿಕ್ಕಿದ ಚಿನ್ನದ ಅಂತಹದೊಂದು ಮೀನು, ಮೀಸೆ ರೆಕ್ಕೆಗಳ ಸಮೇತ, ಈಗ ಎಡಿನ್‌ಬರೋದ ವಸ್ತುಸಂಗ್ರಹಾಲಯದಲ್ಲಿದೆ. ಬರ್ಲಿನ್ನಿನಲ್ಲಿರುವ ಹಳೆಯದೊಂದು ಪಪೈರಸ್ ಸುರುಳಿಯಲ್ಲಿ ಒಂದು ಕಥೆಯೂ ಉಂಟು: ರಾಜ ಸ್ನೆಫೆರುವಿನ ದೋಣಿಯಲ್ಲಿ ಹುಟ್ಟು ಹಾಕುತ್ತಿದ್ದ ತರುಣಿಯೊಬ್ಬಳ ಮೀನಿನ ತಾಯತ ಕೊಳಕ್ಕೆ ಬಿದ್ದುಹೋಗುತ್ತದೆ. ಬದಲಿಗೆ ಬೇರೆಯದನ್ನು ಕೊಡುವೆನೆಂದು ರಾಜನು ಹೇಳಿದರೂ ಆಕೆ ಒಪ್ಪುವುದಿಲ್ಲ, ತನ್ನದೇ ಬೇಕು. ಕೊನೆಗೆ ಮಂತ್ರವಾದಿಯೊಬ್ಬನು ಬಂದು ಕೊಳದ ಅರ್ಧ ನೀರನ್ನು ಇನ್ನರ್ಧದ ಮೇಲೆ ಮಡಿಸಿಟ್ಟು, ಬರಿದಾದ ತಳದಿಂದ ಅದನ್ನು ಎತ್ತಿಕೊಡುತ್ತಾನೆ. ನಮ್ಮ ಮಗಳಿಗೆ ಈ ಕಥೆಯನ್ನು ಹೇಳಿದಾಗ ಆಕೆಯ ಪೂರ್ಣ ಸಹಾನುಭೂತಿ ಆ ಹುಡುಗಿಯ ಕಡೆಗೇ ಇದ್ದಿತು.

ಆದರೆ ಕಥೆ ಓದಿದ ಮಾತ್ರಕ್ಕೆ ಮೀನು ಬದುಕುವುದಿಲ್ಲ. ಆ ಮೊದಲನೆಯ ಮೀನು ನಮ್ಮ ಮನೆಯಲ್ಲಿ ಆರು ವಾರ ಮಾತ್ರ ಇದ್ದಿತು. ಅದನ್ನು ಕೊಂದವನು ನಾನೇ ಎಂದು ಒಪ್ಪಿಕೊಳ್ಳುವುದು ಒಳ್ಳೆಯದು. ನಮ್ಮ ತೊಟ್ಟಿಯಲ್ಲಿ ಮೊದಲೇ ಹತ್ತು ಹನ್ನೆರಡು ಟೆಟ್ರಾ ಮೀನುಗಳಿದ್ದವು. ಬೆಳಗ್ಗೆ ಆಫೀಸಿಗೆ ಹೊರಡುವಾಗ ಒಂದು ಚಿಟಿಕೆ, ಸಂಜೆ ಆರಕ್ಕೆ ಒಂದು ಚಿಟಿಕೆ ಆಹಾರವನ್ನು ನೀರಿನ ಮೇಲೆ ಉದುರಿಸುವುದು ನನ್ನ ಪದ್ಧತಿ. ಚಿಟಿಕೆ ಬೀಳುವುದೇ ತಡ, ಟೆಟ್ರಾಗಳು ಮುತ್ತಿಕೊಂಡು ಒಂದು ಚೂರನ್ನೂ ಬಿಡುತ್ತಿರಲಿಲ್ಲ. ಕರಿಹೊಟ್ಟೆಯ ಅತಿಥಿಯು ಆಗ ಬೇರಿನ ಅಡಿಯಲ್ಲಿ ನಿದ್ರಿಸುತ್ತಿತ್ತು. ಅದು ಎಚ್ಚತ್ತು ಹೊರಗೆ ಬರುವುದು ಮನೆಯ ದೀಪಗಳೆಲ್ಲ ಆರಿದ ಮೇಲೆ. ಆ ಹೊತ್ತಿಗೆ ತೊಟ್ಟಿಯಲ್ಲಿ ಒಂದು ಕಾಳೂ ಉಳಿದಿರುತ್ತಿರಲಿಲ್ಲ. ಹಗಲಿನಲ್ಲಿ ಕಾಣದ ಮೀನಿನ ಹೊಟ್ಟೆ ಬತ್ತುತ್ತಿರುವುದು ಯಾರ ಕಣ್ಣಿಗೂ ಬೀಳಲಿಲ್ಲ. ಕಡೆಗೊಂದು ಬೆಳಗ್ಗೆ ಅದು ತಳದಲ್ಲಿ, ಎಲ್ಲ ಮೀನುಗಳಂತೆ ಬೆನ್ನು ಮೇಲಾಗಿ, ಬಿದ್ದಿದ್ದಿತು. ಈ ಸಲ ಮಗಳು ಅಳಲಿಲ್ಲ. "ನೆಟ್ಟಗೆ ಮಲಗಿದೆ, ಆದ್ದರಿಂದ ಸತ್ತಿದೆ" ಎಂದಷ್ಟೇ ಹೇಳಿದಳು. ಅತ್ತಿದ್ದರೇ ನನಗೆ ಮೇಲಾಗುತ್ತಿತ್ತು.

ರಾತ್ರಿಯ ಪ್ರಾಣಿಗೆ ರಾತ್ರಿಯೇ ಉಣಬಡಿಸಬೇಕು. ಇಷ್ಟು ಸರಳವಾದ ವಿಷಯವನ್ನು ಕಲಿಯುವುದಕ್ಕೆ ಒಂದು ಜೀವ ಹೋಗಬೇಕಾಯಿತು. ಮುಂದಿನ ವರ್ಷ ಮತ್ತೆ ತರುವಾಗ ಒಂದರ ಬದಲು ಮೂರನ್ನು ತಂದೆವು. ಏಕೆಂದರೆ ಇವು ಗುಂಪಿನಲ್ಲಿ ಬಾಳುವಂತಹವು, ಒಂಟಿಯಾಗಿಟ್ಟರೆ ಅಂಜಿಕೊಂಡು ಹೊರಗೆ ಬರುವುದೇ ಇಲ್ಲ. ಹಳೆಯ ಚಿಕ್ಕ ತೊಟ್ಟಿಯನ್ನು ತೆಗೆದು ಮೂರಡಿ ಉದ್ದದ, ಸುಮಾರು 100 ಲೀಟರ್ ನೀರು ಹಿಡಿಯುವ ತೊಟ್ಟಿಯನ್ನು ಕೊಂಡೆವು. ನೀರೊಂದೇ 100 ಕಿಲೋ ತೂಗುವುದರಿಂದ ಅದನ್ನು ಪುಸ್ತಕದ ಬೀರುವಿನ ಮೇಲಿಡಬೇಕೆಂಬ ನನ್ನ ಯೋಜನೆಯನ್ನು ನಮ್ಮಾಕೆ ಅಲ್ಲಿಗೇ ಚಿವುಟಿಹಾಕಿದರು.

ಹೊಸ ತೊಟ್ಟಿಗೆ ನೀರು ತುಂಬಿದ ದಿನವೇ ಮೀನು ಬಿಡುವುದು ಅನೇಕರು ಮಾಡುವ ತಪ್ಪು. ಮೀನಿನ ಮಲ, ಉಳಿದ ಆಹಾರ ಇವು ಕೊಳೆತಾಗ ಅಮೋನಿಯ ಹುಟ್ಟುತ್ತದೆ. ಅದು ಮೀನಿಗೆ ವಿಷ. ಒಂದು ಬಗೆಯ ಸೂಕ್ಷ್ಮಜೀವಿಗಳು ಅಮೋನಿಯವನ್ನು ನೈಟ್ರೈಟಾಗಿ ಮಾರ್ಪಡಿಸುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ನೈಟ್ರೈಟನ್ನು ಅಷ್ಟಾಗಿ ಹಾನಿಯಿಲ್ಲದ ನೈಟ್ರೇಟಾಗಿ ಮಾಡುತ್ತವೆ. ಈ ಎರಡು ಬಗೆಯ ಸೇವಕರೂ ಶೋಧಕದ ಸ್ಪಂಜಿನಲ್ಲಿ ನೆಲೆಯೂರುವುದಕ್ಕೆ ನಾಲ್ಕಾರು ವಾರಗಳು ಹಿಡಿಯುತ್ತವೆ. ಹಳೆಯ ತೊಟ್ಟಿಯ ಸ್ಪಂಜನ್ನೇ ಹೊಸದರಲ್ಲಿ ಹಾಕಿದರೆ ಕೆಲಸ ಬೇಗನೆ ಆಗುತ್ತದೆ. ನಾವು ಹಾಗೆ ಮಾಡಿದೆವು. ಆ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಚೆನ್ನಾಗಿ ತೊಳೆದರೆ ಕ್ಲೋರಿನ್ ತಗುಲಿ ಸೇವಕರೆಲ್ಲ ಸಾಯುತ್ತಾರೆ. ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಅದ್ದಿ ಹಿಂಡಿದರೆ ಸಾಕು. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸಬೇಕು. ನಲ್ಲಿಯ ನೀರನ್ನು ಅಗಲವಾದ ಬಕೀಟಿನಲ್ಲಿ ಒಂದು ದಿನ ತೆರೆದಿಡುವುದೋ, ಸೋಡಿಯಂ ಥಯೋಸಲ್ಫೇಟಿನ ಹರಳನ್ನು ಕರಗಿಸುವುದೋ ಅಗತ್ಯ. ನೀರಿನ ಉಷ್ಣತೆ 22ರಿಂದ 26 ಡಿಗ್ರಿ ಸೆಲ್ಸಿಯಸ್ ಇದ್ದರೆ ಈ ಮೀನಿಗೆ ಹಿತ. ಬೆಂಗಳೂರಿನ ಹವೆ ವರ್ಷದ ಬಹುಭಾಗ ಇದಕ್ಕೆ ಹೇಳಿ ಮಾಡಿಸಿದಂತಿದೆ.

ತಳಕ್ಕೆ ಚೂಪಾದ ಜಲ್ಲಿ ಕೂಡದು. ಮೀಸೆಯೇ ಇದಕ್ಕೆ ನಾಲಗೆಯೂ ಹೌದು, ಕತ್ತಲಿನ ಕಣ್ಣೂ ಹೌದು. ಅದು ಉಜ್ಜಿ ಸವೆದುಹೋದರೆ ಊಟ ಹುಡುಕುವುದೇ ಕಷ್ಟ. ಸಣ್ಣ ಮರಳು ಹಾಸಿ, ಒಂದೆರಡು ಮರದ ಬೇರುಗಳನ್ನೂ ಅರ್ಧ ತೆಂಗಿನ ಚಿಪ್ಪುಗಳನ್ನೂ ಬಾಯಿ ಒಡೆದ ಮಣ್ಣಿನ ಕುಡಿಕೆಯನ್ನೂ ಇಟ್ಟೆವು. ಮೀನುಗಳು ಚಿಪ್ಪಿನ ನೆಲದಲ್ಲಿ ಮಲಗದೆ ಅದರ ಚಾವಣಿಗೆ ಹೊಟ್ಟೆಯನ್ನು ಅಂಟಿಸಿಕೊಂಡು ಬಾವಲಿಗಳಂತೆ ವಿಶ್ರಮಿಸುವುದನ್ನು ನೋಡಬೇಕು! ಬೇರು ನೆಟ್ಟಗಿದ್ದರೆ ತಾವೂ ನೆಟ್ಟಗೆ ನಿಲ್ಲುತ್ತವೆ, ಎಲೆಯ ಅಡಿಯಿದ್ದರೆ ಅಂಗಾತವಾಗುತ್ತವೆ. ಆಸರೆ ಯಾವ ಕಡೆಗೋ ಹೊಟ್ಟೆ ಆ ಕಡೆಗೆ.

ಹಿಡಿಯುವಾಗ ಬಲೆ ಉಪಯೋಗಿಸಬಾರದೆಂಬುದನ್ನೂ ಪೆಟ್ಟು ತಿಂದೇ ಕಲಿತೆನು. ಹೆದರಿದಾಗ ಇದು ಬೆನ್ನಿನ ಮತ್ತು ಪಕ್ಕದ ರೆಕ್ಕೆಗಳ ಗಟ್ಟಿ ಮುಳ್ಳುಗಳನ್ನು ನಿಮಿರಿಸಿ ಅಗುಳಿ ಹಾಕಿದಂತೆ ಬಿಗಿಯುತ್ತದೆ. ಬಲೆಯ ನೂಲು ಅದಕ್ಕೆ ಸಿಕ್ಕಿಕೊಂಡರೆ ಕತ್ತರಿಯಿಂದ ಬಲೆಯನ್ನೇ ಕತ್ತರಿಸಬೇಕಾಗುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರಿನೊಡನೆ ಎತ್ತುವುದೇ ಕ್ಷೇಮ. ಆ ಮುಳ್ಳಿನ ಬುಡವನ್ನು ಭುಜದ ಎಲುಬಿನ ಗೂಡಿನಲ್ಲಿ ತಿಕ್ಕಿ ಇದು ಕಿರ್‌ಕಿರ್ ಎಂದು ಸದ್ದು ಮಾಡುವುದೂ ಉಂಟು. ಹುರುಪೆಯಿಲ್ಲದ ಮೈಯಾದ್ದರಿಂದ ಔಷಧಗಳ ವಿಷಯದಲ್ಲಿಯೂ ಎಚ್ಚರ ಬೇಕು. ಬಿಳಿಚುಕ್ಕೆ ರೋಗಕ್ಕೆಂದು ಮಾರುವ ತಾಮ್ರದ ಔಷಧ ಉಳಿದ ಮೀನುಗಳನ್ನು ಗುಣಪಡಿಸಿ ಇದನ್ನು ಸಾಯಿಸಬಹುದು.

ಕೊಳ್ಳುವವರಿಗೆ ಇನ್ನೊಂದು ಮಾತು. 'ಉಲ್ಟಾ ಮೀನು' ಎಂದು ಹೇಳಿ ಇದೇ ಕುಲದ ಬೇರೆ ಜಾತಿಗಳನ್ನೂ ಬೆರಕೆ ಮರಿಗಳನ್ನೂ ಮಾರುವುದುಂಟು. ಅವು ಎಳೆಯದರಲ್ಲಿ ಆಗಾಗ ಮಗುಚಿ ಈಜಿ ಮೋಸಗೊಳಿಸಿ, ಆಮೇಲೆ ಗೇಣುದ್ದ ಬೆಳೆದು ಸಣ್ಣ ಮೀನುಗಳನ್ನು ನುಂಗತೊಡಗುತ್ತವೆ. ಹೊಟ್ಟೆ ಬೆನ್ನಿಗಿಂತ ಕಪ್ಪಾಗಿದೆಯೇ ಎಂದು ನೋಡಿ ಕೊಳ್ಳತಕ್ಕದ್ದು. ಹಾಗೆ ಬೆಳೆದ ಮೀನನ್ನು, 'ಪಾಪ, ಬದುಕಿಕೊಳ್ಳಲಿ' ಎಂದು ಹತ್ತಿರದ ಕೆರೆಗೆ ಬಿಟ್ಟು ಕೈತೊಳೆದುಕೊಳ್ಳುವ ದಯಾಳುಗಳು ನಮ್ಮ ನಗರಗಳಲ್ಲಿ ಬಹಳ ಮಂದಿ ಇದ್ದಾರೆ. ತೊಟ್ಟಿಯ ಗಾಜು ನೆಕ್ಕಿ ಶುದ್ಧ ಮಾಡುವುದೆಂದು ತರುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಈ ದಯೆಯಿಂದಲೇ ನಮ್ಮ ಕೆರೆಗಳಲ್ಲಿ ವಂಶ ಬೆಳೆಸಿಕೊಂಡಿದೆ. ಆಫ್ರಿಕದ ದೊಡ್ಡ ಮೀಸೆಮೀನಿನ ಸಾಕಣೆಯನ್ನು 2000ದಲ್ಲಿಯೇ ನಮ್ಮ ದೇಶದಲ್ಲಿ ನಿಷೇಧಿಸಿದರೂ ಅದು ಹೊಳೆಗಳಿಂದ ಹೋಗಿಲ್ಲ. ಬೇಡವಾದ ಮೀನನ್ನು ಅಂಗಡಿಗೇ ಹಿಂದಿರುಗಿಸಿ. ಅಥವಾ ದೊಡ್ಡ ತೊಟ್ಟಿಯುಳ್ಳ ಹವ್ಯಾಸಿಗೆ ಕೊಡಿ.

ಈಗ ಊಟದ ವಿಚಾರ. ಇಲ್ಲಿ ನಮ್ಮ ಮನೆಯಲ್ಲಿ ಒಂದು ಧರ್ಮಸಂಕಟ ಎದುರಾಯಿತು. ಕಾಂಗೊದಲ್ಲಿ ಈ ಮೀನು ನೀರಿನ ಮೇಲೆ ಬೀಳುವ ಹುಳುಗಳನ್ನೂ, ಎಲೆಯ ಅಡಿಗೆ ಅಂಟಿದ ಪಾಚಿಯನ್ನೂ, ಸಣ್ಣ ಸೀಗಡಿಯಂತಹ ಜೀವಿಗಳನ್ನೂ ತಿಂದು ಬದುಕುತ್ತದೆ. ಒಣ ಗುಳಿಗೆಗಳಿಂದ ಹೊಟ್ಟೆ ತುಂಬುತ್ತದೆಂಬುದೇನೋ ನಿಜ. ಆದರೆ ವಾರಕ್ಕೆರಡು ಸಲ ಕೆಂಪು ಹುಳು ಕೊಟ್ಟರೆ ಮೈಯಲ್ಲಿ ಕಳೆ ಬರುತ್ತದೆ. ಅದು ಹೆಪ್ಪುಗಟ್ಟಿದ ಬಿಲ್ಲೆಯ ರೂಪದಲ್ಲಿ ಸಿಕ್ಕುತ್ತದೆ, ಫ್ರಿಜ್ಜಿನಲ್ಲಿಯೇ ಇಡಬೇಕು. ನಮ್ಮ ತಾಯಿಯವರು ಜನ್ಮದಲ್ಲಿ ಮೊಟ್ಟೆಯನ್ನೂ ಮನೆಯೊಳಗೆ ಬಿಟ್ಟವರಲ್ಲ. "ಹಾಲು ಮೊಸರು ಇಡುವ ಪೆಟ್ಟಿಗೆಯಲ್ಲಿ ಹುಳು ಇಡುತ್ತೀಯೇನೋ? ಅದಕ್ಕಿಂತ ನನ್ನನ್ನು ತಮ್ಮನ ಮನೆಗೆ ಕಳಿಸಿಬಿಡು" ಎಂದರು. ಎರಡು ತಿಂಗಳ ಕಾಲ ಮೀನುಗಳು ಗುಳಿಗೆ, ಬೇಯಿಸಿದ ಬಟಾಣಿ, ಸೌತೆಕಾಯಿಯ ಬಿಲ್ಲೆಗಳ ಮೇಲೆ ಶುದ್ಧ ಸಸ್ಯಾಹಾರಿಗಳಂತೆ ಕಾಲ ಕಳೆದವು.

ಆ ಕಾಲದಲ್ಲಿ ತಾಯಿಯವರಿಗೆ ನಿದ್ರೆಯಿರಲಿಲ್ಲ. ನಮ್ಮ ತಂದೆಯವರು ಹೋದ ಮೇಲೆ ಅವರು ಊರಿನ ಮನೆಯನ್ನು ಮುಚ್ಚಿ ನಮ್ಮಲ್ಲಿಗೆ ಬಂದಿದ್ದರು. ರಾತ್ರಿ ಒಂದು ಗಂಟೆಗೆ ಎಚ್ಚರವಾದರೆ ಮತ್ತೆ ಬೆಳಗಿನವರೆಗೂ ಕಣ್ಣು ಮುಚ್ಚುತ್ತಿರಲಿಲ್ಲ. ಯಾರನ್ನೂ ಎಬ್ಬಿಸಬಾರದೆಂದು ಕತ್ತಲಲ್ಲಿಯೇ ನಡುಮನೆಯ ಕುರ್ಚಿಯ ಮೇಲೆ ಕುಳಿತಿರುತ್ತಿದ್ದರು. ಆ ಕುರ್ಚಿಯ ಎದುರಿಗೇ ತೊಟ್ಟಿ. ಹೀಗಾಗಿ ಹಣ ಕೊಟ್ಟು ತಂದ ನಾವು ಕಾಣದ ಮೀನನ್ನು ಅದನ್ನು ಬೇಡವೆಂದ ಅವರೇ ಕಂಡರು. ಬೆಳಗಿನ ಕಾಫಿಯ ಹೊತ್ತಿಗೆ ವರದಿಗಳು ಬರತೊಡಗಿದವು. "ದೊಡ್ಡದು ಮೂರು ಸಲ ಮೇಲೆ ಬಂದಿತ್ತು. ಸಣ್ಣದನ್ನು ಚಿಪ್ಪಿನಿಂದ ಆಚೆಗೆ ನೂಕುತ್ತೆ, ಮಹಾ ಜಗಳಗಂಟಿ." ಇನ್ನೊಂದು ದಿನ: "ಸೌತೆಕಾಯಿ ಮುಟ್ಟಲೇ ಇಲ್ಲ." ಮತ್ತೂ ಒಂದು ದಿನ, ಬಹಳ ಹೊತ್ತು ಸುಮ್ಮನಿದ್ದು, "ಅದರ ಜಾತಿಯ ಊಟ ಅದಕ್ಕೆ ಹಾಕಪ್ಪ. ಬೇರೆ ಡಬ್ಬಿಯಲ್ಲಿ, ಹಾಲಿನಿಂದ ದೂರ ಇಡು" ಎಂದರು. ಮಗಳು ಅಂದೇ ಅಂಗಡಿಗೆ ಓಡಿದಳು.

ಕೆಂಪು ಬಣ್ಣದ ಸಣ್ಣ ದೀಪವೊಂದನ್ನು ತೊಟ್ಟಿಯ ಹಿಂದೆ ಇಟ್ಟರೆ ಮೀನುಗಳು ಅಷ್ಟಾಗಿ ಬೆದರುವುದಿಲ್ಲವೆಂದು ತಿಳಿದು ಅದನ್ನೂ ತಂದು ಹಾಕಿದೆವು. ರಾತ್ರಿ ಒಂಬತ್ತೂವರೆಗೆ ಮನೆಯ ದೀಪಗಳನ್ನು ಆರಿಸಿ, ಟೆಟ್ರಾಗಳು ಸುಮ್ಮನಾದ ಮೇಲೆ, ಬಿಲ್ಲೆಯನ್ನು ಕರಗಿಸಿ ಬಿಡುವುದು ಮಗಳ ಕೆಲಸ, ಅಜ್ಜಿ ಮೇಲ್ವಿಚಾರಣೆ. ಮೂರು ಮೀನುಗಳೂ ಚಿಪ್ಪಿನಿಂದ ಜಾರಿ ಹೊರಬಂದು, ಅಂಗಾತವಾಗಿ ಮೇಲ್ಮೈಯ ಅಡಿಯಲ್ಲೇ ತೆವಳುತ್ತಾ, ನಾವು ನೆಲದ ಮೇಲೆ ಬಿದ್ದುದನ್ನು ಹೆಕ್ಕುವಂತೆ ನೀರಿನ ಚಾವಣಿಯ ಮೇಲಿನದನ್ನು ಹೆಕ್ಕಿ ತಿನ್ನುತ್ತವೆ.

ಕಳೆದ ಏಪ್ರಿಲ್ ತಿಂಗಳಿನ ಒಂದು ರಾತ್ರಿಯ ಸಂಗತಿಯನ್ನು ಹೇಳಲೇಬೇಕು. ಸಂಜೆಯ ಗಾಳಿಮಳೆಗೆ ನಮ್ಮ ಬೀದಿಯ ವಿದ್ಯುತ್ತು ಹೋಯಿತು. ಇನ್ವರ್ಟರ್ ಇದೆಯೆಂಬ ಧೈರ್ಯದಿಂದ ಎಲ್ಲರೂ ಮಲಗಿದೆವು. ನಡುರಾತ್ರಿಯ ಹೊತ್ತಿಗೆ ಅದರ ಶಕ್ತಿಯೂ ಮುಗಿದು ತೊಟ್ಟಿಯ ಶೋಧಕ ನಿಂತುಹೋಗಿತ್ತು. ಮೂರು ಗಂಟೆಯ ಸುಮಾರಿಗೆ ತಾಯಿಯವರು ಬಂದು ನನ್ನ ಭುಜ ಅಲುಗಿಸಿದರು. "ಏಳೋ, ಮೀನುಗಳಿಗೆ ಏನೋ ಆಗಿದೆ. ಬ್ಯಾಟರಿ ಬಿಟ್ಟರೂ ಓಡಿಹೋಗ್ತಾ ಇಲ್ಲ."

ಹೋಗಿ ನೋಡಿದರೆ ಟೆಟ್ರಾಗಳೆಲ್ಲ ನೀರಿನ ಮೇಲಕ್ಕೆ ಬಂದು ಬಾಯಿ ಬಡಿಯುತ್ತಿದ್ದವು. ಮೂರು ಕರಿಹೊಟ್ಟೆಗಳೂ ಸಾಲಾಗಿ ಮೇಲ್ಮೈಗೆ ಬಾಯಿ ತಾಗಿಸಿ ಅಲುಗಾಡದೆ ನಿಂತಿದ್ದವು. ಬೇರೆ ಯಾರಾದರೂ ನೋಡಿದ್ದರೆ, 'ಇವು ಯಾವಾಗಲೂ ಹೀಗೆಯೇ ಅಲ್ಲವೆ' ಎಂದು ಹೋಗಿ ಮಲಗಿಬಿಡುತ್ತಿದ್ದರು. ಬೆಳಕು ಕಂಡರೆ ಮಾಯವಾಗುವ ಪ್ರಾಣಿ ಬೆಳಕಿಗೆ ಅಂಜದೆ ನಿಂತಿದೆಯೆಂದರೆ ಅದಕ್ಕೆ ಬೆಳಕಿಗಿಂತ ದೊಡ್ಡ ಭಯವಿದೆಯೆಂದು ಊಹಿಸಿದವರು ತಾಯಿಯವರೊಬ್ಬರೇ.

ನೀರಿನಲ್ಲಿ ಆಮ್ಲಜನಕ ತೀರಿತ್ತು. ನೀರು ಬೆಚ್ಚಗಾದಷ್ಟೂ ಅದು ಹಿಡಿದಿಡುವ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಕರಗಿದರೆ 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಹಗಲಿನಲ್ಲಿ ಆಮ್ಲಜನಕ ಕೊಡುವ ಗಿಡಗಳೂ ರಾತ್ರಿಯಲ್ಲಿ ಅದನ್ನು ತಾವೇ ಬಳಸಿಕೊಳ್ಳುತ್ತವೆ. ಇಂತಹ ಸ್ಥಿತಿಯಲ್ಲಿ ಗಾಳಿಗೆ ತಾಗಿರುವ ಮೇಲಿನ ತೆಳುಪದರದಲ್ಲಿ ಮಾತ್ರ ಉಸಿರಿಗೆ ಸಾಕಾಗುವಷ್ಟು ಉಳಿದಿರುತ್ತದೆ. ಬಾಯಿ ಕೆಳಮುಖವಾಗಿರುವ ಮೀನು ಆ ಪದರವನ್ನು ಹೀರಬೇಕಾದರೆ ನೀರಿನಲ್ಲಿ ನೆಟ್ಟಗೆ ನಿಂತು ಒದ್ದಾಡಬೇಕು. ಮಗುಚಿಕೊಂಡರೆ ಬಾಯಿ ತಾನಾಗಿಯೇ ಅಲ್ಲಿಗೆ ಬರುತ್ತದೆ. ಇದೇ ಕುಲದ ಎರಡು ಜಾತಿಗಳನ್ನು ಹೋಲಿಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅಂಗಾತ ಈಜುವ ಮೀನು ಈ ಬಗೆಯ ಉಸಿರಾಟದಲ್ಲಿ ಹೆಚ್ಚು ಸಮರ್ಥವೆಂದು ತೋರಿಸಿದ್ದಾರೆ. ನಾನು ಅದನ್ನು ಓದಿದ್ದೆನು. ಕಣ್ಣಾರೆ ಕಂಡದ್ದು ಅಂದೇ.

ಮಾಡಬೇಕಾದುದು ಒಂದೇ. ಚೆಂಬಿನಲ್ಲಿ ತೊಟ್ಟಿಯ ನೀರನ್ನು ಮೊಗೆದು ಒಂದಡಿ ಎತ್ತರದಿಂದ ಅದರಲ್ಲಿಯೇ ಹುಯ್ಯುವುದು; ಬೀಳುವ ನೀರು ಗಾಳಿಯನ್ನು ಬೆರೆಸಿಕೊಂಡು ಹೋಗುತ್ತದೆ. ನಾನು ಅರ್ಧ ಗಂಟೆ, ನಮ್ಮಾಕೆ ಅರ್ಧ ಗಂಟೆ, ಹೀಗೆ ಸರದಿ ನಡೆಯಿತು. ತಾಯಿಯವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, "ನನಗೆ ಹೇಗೂ ನಿದ್ರೆಯಿಲ್ಲ, ನೀವು ಹೋಗಿ ಮಲಗಿ" ಎಂದು ಚೆಂಬನ್ನು ಕೈಯಿಂದ ಕಿತ್ತುಕೊಂಡರು. ನಾಲ್ಕು ಗಂಟೆಯ ವೇಳೆಗೆ ಟೆಟ್ರಾಗಳು ಒಂದೊಂದಾಗಿ ಕೆಳಗಿಳಿದವು. ಎರಡು ಮಾತ್ರ ಉಳಿಯಲಿಲ್ಲ. ಕರಿಹೊಟ್ಟೆಗಳು ಇನ್ನೂ ಸ್ವಲ್ಪ ಹೊತ್ತು ಮೇಲೆಯೇ ನಿಂತಿದ್ದು, ಆಮೇಲೆ ಚಿಪ್ಪಿನೊಳಗೆ ಹೋಗಿ ಚಾವಣಿಗೆ ಅಂಟಿಕೊಂಡವು. ವಿದ್ಯುತ್ತು ಬಂದದ್ದು ಆರೂವರೆಗೆ. ಅಷ್ಟು ಹೊತ್ತಿಗೆ ತಾಯಿಯವರು ಚೆಂಬನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿಯೇ ನಿದ್ರೆ ಹೋಗಿದ್ದರು. ಎಂಟು ಗಂಟೆಯವರೆಗೆ ಯಾರೂ ಅವರನ್ನು ಎಬ್ಬಿಸಲಿಲ್ಲ.

ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪೊಂದನ್ನು ಅದೇ ವಾರ ತಂದಿಟ್ಟಿದ್ದೇವೆ. ಚೆನ್ನಾಗಿ ನೋಡಿಕೊಂಡರೆ ಈ ಮೀನು ಹತ್ತು ವರ್ಷ ಬದುಕಬಲ್ಲದೆಂದು ಮಗಳು ಅಜ್ಜಿಗೆ ಓದಿ ಹೇಳಿದಳು. ಅವರು ಬೆರಳು ಮಡಿಸಿ ಏನೋ ಲೆಕ್ಕ ಹಾಕಿ, "ಹಾಗಾದರೆ ಆ ಡಬ್ಬಿಯಲ್ಲಿ ಬಿಲ್ಲೆ ಎಷ್ಟು ಉಳಿದಿದೆ, ನೋಡು" ಎಂದರು.